ಫೋಟೋದಲ್ಲಿ ಅಡ್ಡ ನಿಂತವರು

ಮಧುಗಿರಿ ಬೆಟ್ಟವನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಟ್ಟಿಲ್ಲ. ಕಂಬಿ ಹಿಡಿದು ತೆವಳಬೇಕಾದ ಆ ನುಣುಪು ಬಂಡೆಯ ಮೇಲೆ ವರ್ಷವರ್ಷವೂ ವಿದ್ಯಾರ್ಥಿಗಳನ್ನು ಕರೆದೊಯ್ದು, ಯಾರಿಗೂ ಒಂದು ತರಚು ಗಾಯವೂ ಆಗದಂತೆ ಕೆಳಗೆ ತಂದವಳು ನಾನು. ಅಂಥವಳು ಕಾಲು ಮುರಿದುಕೊಂಡದ್ದು ಕಾಲೇಜಿನ ವರಾಂಡದ ಮೂರು ಮೆಟ್ಟಿಲುಗಳ ಮೇಲೆ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡು. ಭೂಗೋಳ ಕಲಿಸುವವರಿಗೆ ಮೂರು ಮೆಟ್ಟಿಲು ಕಾಣಲಿಲ್ಲವೇ ಎಂದು ಸಹೋದ್ಯೋಗಿಗಳು ಒಂದು ತಿಂಗಳು ಆಡಿಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಒಳಗೊಳಗೇ ಕುದಿಯುತ್ತಿದ್ದೆ. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ನನ್ನನ್ನು ಮಂಚದ ಮೇಲೆ ಕೂರಿಸಿದ್ದರು, ಅದೂ ನನ್ನ ಕ್ಷೇತ್ರಕಾರ್ಯ ಶುರುವಾಗಬೇಕಿದ್ದ ವಾರದಲ್ಲೇ.

ಆ ವರ್ಷ ನಾನು ಹಳೆಯ ದಾರಿಗಳ ಅಧ್ಯಯನ ಹಿಡಿದಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಟಾರು ಕಾಣದೆ ಉಳಿದ ಬಂಡಿ ಜಾಡು, ಕುರಿ ದಾರಿ, ಸಂತೆಗೆ ನಡೆದು ಹೋಗುತ್ತಿದ್ದ ಕಾಲುಹಾದಿ. ಎಷ್ಟು ಉಳಿದಿವೆ, ಯಾರು ಬಳಸುತ್ತಾರೆ, ಎಲ್ಲಿ ಮುಚ್ಚಿಹೋಗಿವೆ ಎಂದು ನಕ್ಷೆ ಮಾಡುವುದು ಕೆಲಸ. ನಡೆದು ನೋಡಬೇಕಾದ ಕೆಲಸವನ್ನು ನಡೆಯಲಾಗದವಳು ಹೇಗೆ ಮಾಡುವುದು? ಬಿಟ್ಟುಬಿಡು ಎಂದರು ಮನೆಯವರು. ಬಿಡುವ ಜಾಯಮಾನ ನನ್ನದಲ್ಲ. ಲ್ಯಾಪ್‌ಟಾಪಿನಲ್ಲಿ ಉಪಗ್ರಹ ಚಿತ್ರಗಳನ್ನು ತೆರೆದುಕೊಂಡೆ. ಪ್ರತಿ ತಾಲ್ಲೂಕಿನಲ್ಲಿ ಫೋನಿರುವ ಒಬ್ಬೊಬ್ಬರನ್ನು ಗೊತ್ತುಮಾಡಿದೆ. ಅವರು ದಾರಿಯಲ್ಲಿ ನಡೆದು ಫೋಟೋ, ವಿಡಿಯೋ ಕಳಿಸಬೇಕು, ಫೋಟೋ ತೆಗೆದ ಜಾಗದ ಲೊಕೇಶನ್ ಕಳಿಸಬೇಕು. ನಾನು ಅದನ್ನು ಮೇಲಿನಿಂದ ಕಾಣುವ ಚಿತ್ರದ ಜೊತೆ ಹೊಂದಿಸಿ ಗೆರೆ ಎಳೆಯಬೇಕು.

ಸುಳ್ಳು ಏಕೆ ಹೇಳಲಿ, ನನಗೆ ಅದು ಬಲು ಹಿಡಿಸಿತು. ದಿಂಬಿಗೆ ಒರಗಿ ಕೂತು ಬೆಳಿಗ್ಗೆ ಬುಕ್ಕಾಪಟ್ಟಣದ ಕುರುಚಲು ಕಾಡಿನ ಮೇಲೆ, ಮಧ್ಯಾಹ್ನ ದೊಡ್ಡೇರಿಯ ಹೊಲಗಳ ಮೇಲೆ ಹದ್ದಿನಂತೆ ಸುತ್ತುತ್ತಿದ್ದೆ. ಪಾವಗಡದ ಕಡೆ ಸೋಲಾರ್ ಫಲಕಗಳು ಮೇಲಿನಿಂದ ತುಂಬಿದ ಕೆರೆಗಳಂತೆ ಕಾಣುತ್ತವೆ. ಗೊತ್ತಿಲ್ಲದವರು ನೋಡಿದರೆ ಆ ಸೀಮೆಯಲ್ಲಿ ಇಷ್ಟು ನೀರೇ ಎಂದು ಬೆರಗಾಗಬೇಕು. ನಾನು ಗೊತ್ತಿದ್ದವಳು, ಮೋಸ ಹೋಗುವವಳಲ್ಲ ಎಂಬ ಜಂಬ ನನಗಿತ್ತು.

ಆದರೆ ನೆಲದಿಂದ ಬಂದ ಫೋಟೋಗಳು ನನ್ನ ತಲೆ ತಿನ್ನತೊಡಗಿದವು. ಯಾವ ಫೋಟೋ ತೆರೆದರೂ ನಡುಮಧ್ಯೆ ಒಬ್ಬರು ನಿಂತಿರುತ್ತಿದ್ದರು. ದಾರಿಯ ತಿರುವು ತೋರಿಸಿ ಎಂದರೆ ತಿರುವಿನ ಮೇಲೆ ಒಬ್ಬ ಅಜ್ಜ. ಹಳ್ಳ ದಾಟುವ ಜಾಗ ಎಂದರೆ ಹಳ್ಳ ಕಾಣದ ಹಾಗೆ ಕೈಕಟ್ಟಿ ನಿಂತ ಹೆಂಗಸು. ಶಿರಾದಿಂದ ಕಳಿಸುತ್ತಿದ್ದವರು ಒಬ್ಬ ಟೈಲರು. ಜನ ಸಿಗದಿದ್ದರೆ ತಮ್ಮ ಸ್ಕೂಟರನ್ನಾದರೂ ನಿಲ್ಲಿಸಿ ತೆಗೆಯುತ್ತಿದ್ದರು. ಯಾಕೆಂದು ಕೇಳಿದರೆ, "ಖಾಲಿ ಜಾಗದ ಫೋಟೋ ಯಾರ್ ನಂಬ್ತಾರೆ ಮೇಡಮ್? ಸಬೂತು ಬೇಡ್ವಾ?" ಎಂದರು.

ಈ ಅಭ್ಯಾಸ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿದರೆ ಬಾಗಿಲ ಪಕ್ಕ ಯಜಮಾನಿ ನಿಂತು ಫೋಟೋ ಹೊಡೆಸಿಕೊಳ್ಳಬೇಕು. ಕೃಷಿ ಹೊಂಡ ತೋಡಿದರೆ ದಂಡೆಯ ಮೇಲೆ ರೈತ ನಿಲ್ಲಬೇಕು. ದನದ ಕೊಟ್ಟಿಗೆಯಾದರೆ ದನ, ಮನೆಯವರು ಎಲ್ಲರೂ ನಿಲ್ಲಬೇಕು. ಯಾರದೆಂದು ಮುಖ ಹೇಳಬೇಕು, ಎಲ್ಲಿ ಎಂದು ಜಿಪಿಎಸ್ ಹೇಳಬೇಕು, ಆಗಲೇ ಕೆಲಸ ಆದಂತೆ. ಇಷ್ಟು ವರ್ಷ ಹೀಗೆ ನಿಂತು ನಿಂತು, ಸರ್ಕಾರದ ಫೋಟೋ ಎಂದರೆ ಅದರಲ್ಲಿ ಸಂಬಂಧಪಟ್ಟವರು ಇರಲೇಬೇಕು ಎಂಬುದು ಜನರ ಮೈಗೆ ಹತ್ತಿಬಿಟ್ಟಿದೆ. ಇದೆಲ್ಲ ತಿಳಿದೂ ನಾನು ಅದನ್ನು ಕಿರಿಕಿರಿಯೆಂದೇ ಎಣಿಸಿದೆ. ನನಗೆ ಬೇಕಿದ್ದದ್ದು ಮಣ್ಣು, ಇಳಿಜಾರು, ಗಿಡ, ಜಾಡಿನ ಅಗಲ. ಮೇಲಾಗಿ ನಮ್ಮ ಅಧ್ಯಯನಕ್ಕೆ ಒಂದು ನಿಯಮವಿತ್ತು: ಬರಹದಲ್ಲಿ ಒಪ್ಪಿಗೆ ಕೊಡದವರ ಮುಖವಿರುವ ಚಿತ್ರ ಇಟ್ಟುಕೊಳ್ಳಬಾರದು. ಒಳ್ಳೆಯ ನಿಯಮವೇ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಮುಖವಿದ್ದ ಫೋಟೋ ಬಂದ ದಿನವೇ ಜನರನ್ನು ಕತ್ತರಿಸಿ ತೆಗೆಯುತ್ತಿದ್ದೆ, ಮೂಲವನ್ನು ಅಳಿಸುತ್ತಿದ್ದೆ.

ಪಾವಗಡದ ಕಡೆಯಿಂದ ನನಗೆ ಫೋಟೋ ಕಳಿಸುತ್ತಿದ್ದವಳು ಕುರಿ ಸಾಕುವ ಒಬ್ಬ ಹೆಂಗಸು. ನಲವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದಾನೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ವಿಡಿಯೋ ಕಾಲ್ ಮಾಡಿದರೆ ಮೊದಲ ಎರಡು ನಿಮಿಷ ಅವಳ ಕಿವಿ ಮಾತ್ರ ಕಾಣುತ್ತಿತ್ತು, ಫೋನನ್ನು ಕಿವಿಗೆ ಹಿಡಿಯುವುದು ಅವಳಿಗೆ ಬಿಡದ ಚಾಳಿ. ಆದರೆ ನಾಲ್ವರಲ್ಲಿ ಅವಳಷ್ಟು ನೆಲ ಬಲ್ಲವರು ಬೇರೆ ಇರಲಿಲ್ಲ. ಕುರಿ ಎಲ್ಲಿ ತಲೆ ತಗ್ಗಿಸುತ್ತದೆ, ಎಲ್ಲಿ ಓಡುತ್ತದೆ ಎಂಬುದರಿಂದಲೇ ದಾರಿಯ ಕಥೆ ಹೇಳುತ್ತಿದ್ದಳು.

ಅವಳ ಊರಿನಲ್ಲಿ ಒಂದು ಹಳೆಯ ಬಂಡಿ ಜಾಡು ಇತ್ತು. ಊರಿನಿಂದ ಹೊರಟು ಆರು ಮನೆತನದ ಹೊಲಗಳ ಅಂಚು ಹಿಡಿದು, ಮಳೆ ನೀರು ನಿಲ್ಲುವ ಕುಂಟೆಗೆ ಹೋಗಿ ಮುಟ್ಟುತ್ತಿತ್ತು. ಬಂಡಿಗಳು ಹೋದವು, ಜಾಡಿನ ಮೇಲೆ ಕಡಲೆಕಾಯಿ ಬಿತ್ತಿದರು, ಒಬ್ಬೊಬ್ಬರೂ ಒಂದೊಂದು ಮೊಳ ಒಳಗೆ ತೆಗೆದುಕೊಂಡರು. ಆದರೂ ಕುರಿ ದಾಟುವಷ್ಟು ಉಳಿದಿತ್ತು. ಕೊನೆಯ ಹೊಲ, ಕುಂಟೆಗೆ ತಾಗಿದ್ದು, ಅವಳ ಭಾವನದು, ಗಂಡನ ಅಣ್ಣ. ಅಣ್ಣತಮ್ಮಂದಿರು ಭಾಗವಾಗುವಾಗ ಜಗಳವಾಗಿ ಅಲ್ಲಿ ಮುಳ್ಳುಬೇಲಿ ಬಿತ್ತು. ಜಗಳ ಆಡಿದ ತಮ್ಮ ಸತ್ತ, ಬೇಲಿ ಉಳಿಯಿತು. ಅಂದಿನಿಂದ ಅವಳು ಕುರಿಗಳನ್ನು ಟಾರು ರಸ್ತೆಯ ಮೇಲೆ ಹೊಡೆದುಕೊಂಡು ಸುತ್ತಿ ಕುಂಟೆಗೆ ಹೋಗಬೇಕು.

"ರಸ್ತೆ ಮೇಲೆ ಹೆಂಗೆ ಹೋಗ್ಲಿ ಅಕ್ಕಾ? ಟಿಪ್ಪರ್‌ನೋರು ನಿಲ್ಸಲ್ಲ. ಹೋದ್ವರ್ಸ ಎರಡು ಮರಿ ನನ್ನ ಕಣ್ಣೆದ್ರಿಗೇ ಹೋದ್ವು. ಇನ್ನೊಂದ್ ದಿನ ನಾನೇ ಹೋಗ್ತೀನಿ ನೋಡು," ಎಂದಿದ್ದಳು ಒಂದು ಸಲ. ಆಮೇಲೆ ದನಿ ತಗ್ಗಿಸಿ, "ಪಂಚಾಯ್ತಿಯೋರು ದಾರಿ ಕೆಲ್ಸ ತಗೊಂತಾರಂತೆ. ಹೊಲದೋರು ಅವ್ರವ್ರ ಜಾಗದಾಗೆ ನಿಂತಿರೋ ಫೋಟೋ ತಂದ್ರೆ ಒಪ್ಕೊಂಡಂಗೆ ಲೆಕ್ಕ ಅಂದವ್ರೆ. ಆರು ಜನಾನೂ ನಿಂತ್ರೆ ಸಾಕಂತೆ," ಎಂದಳು.

ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು, "ಆಯ್ತು ಆಯ್ತು, ಮೊದಲು ನನ್ನ ಫೋಟೋ ಕಳಿಸಿಬಿಡಿ, ತಿಂಗಳ ಕೊನೆಗೆ ನಾನು ನಕ್ಷೆ ಮುಗಿಸಬೇಕು," ಎಂದೆ. ಅವಳು ಸರಿಯೆಂದಳು. ನನಗೆ ಬೇಕಾದ ಫೋಟೋ, ಪಂಚಾಯ್ತಿಗೆ ಬೇಕಾದ ಫೋಟೋ ಎರಡೂ ಒಂದೇ ಎಂದು ಅವಳು ತಿಳಿದಳು. ಹಾಗಲ್ಲವೆಂದು ನಾನು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಬೇಕಾದದ್ದು ಇದೆಯೆಂದೇ ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ, ನಾನಿನ್ನೂ ಕಾಫಿ ಕುಡಿಯುತ್ತಿದ್ದೆ, ಅವಳಿಂದ ಒಂದರ ಹಿಂದೆ ಒಂದು ಆರು ಫೋಟೋ ಬಂದವು. ಆರರಲ್ಲೂ ಜನ. ಒಂದರಲ್ಲಿ ಒಬ್ಬ ಮುದುಕಿ ಕೋಲೂರಿ ನಿಂತಿದ್ದಳು. ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರೂ. ಆರನೆಯದರಲ್ಲಿ, ಬೇಲಿಯ ಮುಳ್ಳನ್ನು ಒಂದಿಷ್ಟು ಬದಿಗೆ ಸರಿಸಿದ ಕಡೆ, ವಯಸ್ಸಾದ ಒಬ್ಬ ಗಂಡಸು. ಜಾಡು ಇರಬೇಕಾದ ಕಡೆಯೆಲ್ಲ ಕಾಲುಗಳೇ. ನನಗೆ ರೇಗಿತು. ಆ ವಾರ ಇಂಥ ಫೋಟೋ ಎಷ್ಟು ಬಂದಿದ್ದವೋ, ಎಲ್ಲರ ಮೇಲಿನ ಸಿಟ್ಟೂ ಅವಳ ಪಾಲಿಗೆ ಬಂತು. ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದು, ತರಗತಿಯ ದನಿಯಲ್ಲಿ ಹೇಳಿದೆ:

"ನನಗೆ ಜನ ಬೇಡ, ಜಾಗ ಮಾತ್ರ ಬೇಕು ಅಂತ ಎಷ್ಟು ಸಲ ಹೇಳಬೇಕು? ಅಡ್ಡ ನಿಂತಿರೋರನ್ನೆಲ್ಲ ಆಚೆ ಕಳಿಸಿ ಇನ್ನೊಂದು ಸಲ ತೆಗೀರಿ. ಇವನ್ನ ಅಳಿಸಿಬಿಡಿ, ಫೋನಲ್ಲಿ ಜಾಗ ಇಲ್ಲ ಅಂತೀರಲ್ಲ."

ಅರ್ಧ ಗಂಟೆಯಲ್ಲಿ ಹೊಸ ಆರು ಫೋಟೋ ಬಂದವು. ಒಬ್ಬರೂ ಇಲ್ಲ. ಬಿಸಿಲು ಹದವಾಗಿತ್ತು, ಜಾಡು ಗೆರೆ ಎಳೆದಷ್ಟು ಚೆನ್ನಾಗಿ ಕಾಣುತ್ತಿತ್ತು. 'ತುಂಬಾ ಚೆನ್ನಾಗಿದೆ' ಎಂದು ಬರೆದು, ಜೊತೆಗೆ ಒಂದು ಹೂವಿನ ಚಿತ್ರ ಕಳಿಸಿದೆ. ಹಳೆಯ ಆರರಲ್ಲಿ ಮಣ್ಣಿನ ಬಣ್ಣ, ಗಿಡ ಗುರುತು ಮಾಡಿಕೊಳ್ಳುವಷ್ಟು ಹೊತ್ತು ನೋಡಿ, ನಿಯಮದಂತೆ ಎಲ್ಲ ಕಡೆಯಿಂದ ಅಳಿಸಿದೆ. ಆ ದಿನ ನನ್ನ ನಕ್ಷೆಯಲ್ಲಿ ಪಾವಗಡದ ಗೆರೆ ಪೂರ್ತಿಯಾಯಿತು. ಸಂತೋಷದಿಂದ ಮನೆಯವರನ್ನು ಕರೆದು ತೋರಿಸಿದೆ.

ಐದಾರು ವಾರ ಕಳೆದು, ಪ್ಲಾಸ್ಟರ್ ಬಿಚ್ಚಿ ನಾನು ಕೋಲು ಹಿಡಿದು ಅಂಗಳದಲ್ಲಿ ಓಡಾಡುವ ಹೊತ್ತಿಗೆ ಅವಳ ಫೋನು ಬಂತು. ಪಂಚಾಯ್ತಿಯವರು ಫೋಟೋ ಕೇಳಿದ್ದಾರೆ, ಜನ ನಿಂತಿದ್ದ ಮೊದಲಿನ ಆರು ಫೋಟೋ ವಾಪಸ್ ಕಳಿಸಿ ಎಂದಳು. ತನ್ನ ಫೋನಿನಲ್ಲಿದ್ದುದನ್ನು ನಾನು ಹೇಳಿದಂತೆ ಅಳಿಸಿದ್ದಳು. ನನ್ನ ಬಳಿ ಇರುತ್ತವೆ, ಓದಿದವರು ಜೋಪಾನವಾಗಿ ಇಟ್ಟಿರುತ್ತಾರೆ ಎಂಬುದು ಅವಳ ನಂಬಿಕೆ.

"ಇಲ್ಲಮ್ಮಾ, ನಾನೂ ಅಳಿಸಿಬಿಟ್ಟೆ," ಎಂದೆ.

ಆ ಕಡೆ ಅವಳು ಕುರಿಯೊಂದನ್ನು ಗದರಿಸಿದಳು. ಆಮೇಲೆ, ಹೋಗಲಿ ಬಿಡಿ ಎಂಬಂತೆ ತೆಲುಗಿನಲ್ಲಿ, "ಸರೇಲೇ ಅಕ್ಕಾ," ಎಂದಳು.

"ಇನ್ನೊಂದು ಸಲ ತೆಗೆದರೆ ಆಗಲ್ವಾ?"

"ಐದು ಜನ ನಿಲ್ತಾರೆ. ಬಾವ ನಿಲ್ಲಲ್ಲ. ಕೇಳಿಸ್ದೆ, ಆಗಲ್ಲ ಅಂದ್ರಂತೆ. ಬೇಲಿ ತಿರ್ಗಾ ಹಾಕವ್ರೆ."

ನನ್ನ ಮೆಸೇಜು ಬಂದಾಗ ಆರೂ ಹೊಲದವರು ಕೊನೆಯ ಹೊಲದಲ್ಲೇ ಸೇರಿದ್ದರಂತೆ. ಏನು ಬಂತೆಂದು ಎಲ್ಲರೂ ಕೇಳಲಿ ಎಂದು ಅವಳು ಸ್ಪೀಕರಿಗೆ ಹಾಕಿದಳಂತೆ. ಮೇಡಮ್ಮು ಭೇಷ್ ಅನ್ನುತ್ತಾರೆ ಎಂದುಕೊಂಡಿದ್ದಳು. ಇಷ್ಟನ್ನು ಅವಳು ದೂರಾಗಿ ಹೇಳಲಿಲ್ಲ, ನಾನು ಕೆದಕಿ ಕೆದಕಿ ಕೇಳಿದ್ದಕ್ಕೆ ಹೇಳಿದಳು. "ನೀವು ಬೇಕಂತ ಮಾಡ್ಲಿಲ್ಲ ಬುಡಿ ಅಕ್ಕಾ," ಎಂದೂ ಸೇರಿಸಿದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನನಗಾದದ್ದು ನಾಚಿಕೆ, ಬೇರೆ ಹೆಸರು ಕೊಡುವುದಿಲ್ಲ.

ನಕ್ಷೆ ತೆರೆದು ನೋಡಿದೆ. ನನ್ನ ಗೆರೆ ಊರಿನಿಂದ ಕುಂಟೆಯವರೆಗೆ ಎಲ್ಲೂ ಕಡಿಯದೆ ಹೋಗಿತ್ತು. ನೆಲದ ಮೇಲೆ ಅದು ಕಡಿದಿತ್ತು, ಅದೂ ನಾನು ಕಡಿದದ್ದು. ಉಪಗ್ರಹಕ್ಕೆ ಜಾಡು ಕಾಣುತ್ತದೆ, ನನಗೂ ಕಂಡಿತು. ಹೊಲದವನು ಹೋಗಲು ಬಿಡುತ್ತಾನೆಯೇ ಎಂಬುದು ಜಾಡಿನ ಅಗಲದಲ್ಲಿ ಬರೆದಿರುವುದಿಲ್ಲ. ಆ ಬೆಳಿಗ್ಗೆ ಆರು ಹೊಲದವರು ತಮ್ಮ ತಮ್ಮ ನೆಲದಲ್ಲಿ ನಿಂತು ಅದನ್ನೇ ಹೇಳಿದ್ದರು. ದಾರಿ ಯಾರು ಬಳಸುತ್ತಾರೆ, ಯಾರು ಬಿಡುತ್ತಾರೆ ಎಂಬ ನನ್ನ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಇನ್ನೇನು ಬೇಕಿತ್ತು? ನಾನು ಉತ್ತರವನ್ನು ಕತ್ತರಿಸಿ ಹಾಕಿ, ಅದರ ಹಿಂದಿದ್ದ ಗಿಡಗಳನ್ನು ಇಟ್ಟುಕೊಂಡೆ.

ಮುಂದಿನ ವಾರ ಕೋಲು ಹಿಡಿದೇ ಪಾವಗಡದ ಬಸ್ಸು ಹತ್ತಿದೆ. ಮನೆಯವರು ಬೇಡವೆಂದರು, ಡಾಕ್ಟರೂ ಬೇಡವೆಂದಿದ್ದರು. ಬಸ್ಸಿಳಿದು ಆಟೋ ಹಿಡಿದು ಊರಿಗೆ ಹೋದರೆ, ಅವಳು ಬೇವಿನ ಮರದ ಕೆಳಗೆ ಕಾದಿದ್ದಳು. ಫೋನಿನಲ್ಲಿ ಕಂಡದ್ದಕ್ಕಿಂತ ಗಿಡ್ಡ, ನಡಿಗೆ ಮಾತ್ರ ಬಿರುಸು. ಜಾಡು ಹಿಡಿದು ನಿಧಾನವಾಗಿ ನಡೆದೆವು. ಫೋಟೋದಲ್ಲಿ ಸಪಾಟಾಗಿ ಕಂಡ ನೆಲ ಕಾಲಿಗೆ ಸಪಾಟಾಗಿರಲಿಲ್ಲ, ನನ್ನ ಕಾಲು ಹೆಜ್ಜೆ ಹೆಜ್ಜೆಗೂ ಹೇಳುತ್ತಿತ್ತು. ಐದು ಹೊಲದವರೂ ಬಂದು ಇನ್ನೊಮ್ಮೆ ನಿಂತರು. ಕೋಲಿನ ಮುದುಕಿ ನನ್ನನ್ನು ನೋಡಿ, "ಇವತ್ತು ಅಡ್ಡ ಇಲ್ವೇನಮ್ಮಾ ನಾವು?" ಎಂದು ನಕ್ಕಳು. ನಾನು ಕೈಮುಗಿದೆ.

ಬೇಲಿಯ ಹತ್ತಿರ ಅವಳು ನಿಂತುಬಿಟ್ಟಳು. ಭಾವನ ಎದುರು ನಿಂತು ಮಾತಾಡುವ ರೂಢಿ ಅವರಲ್ಲಿಲ್ಲ. ಬೇಲಿಯನ್ನು ಸುತ್ತಿಕೊಂಡು ನಾನೊಬ್ಬಳೇ ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ನಾನು ಯಾರೆಂದು ಹೇಳಿದೆ. ದನಿ ಕೇಳಿಯೇ ಅವರಿಗೆ ಗೊತ್ತಾಗಿತ್ತು ಅನ್ನಿಸುತ್ತದೆ. ಚಾಪೆ ಹಾಸಿಸಿ, ಸೊಸೆಗೆ ಮಜ್ಜಿಗೆ ತರಲು ಹೇಳಿದರು. ತಪ್ಪು ನನ್ನದು, ಅವಳದಲ್ಲ, ಫೋಟೋ ಅಳಿಸಿದವಳು ನಾನು, ದಯವಿಟ್ಟು ಒಂದೇ ಒಂದು ಸಲ ಬಂದು ನಿಲ್ಲಿ ಎಂದು ಕೇಳಿಕೊಂಡೆ.

ಅವರು ಹಗ್ಗ ಕೆಳಗಿಟ್ಟರು. "ತಮ್ಮ ಹೋದ್ಮೇಲೆ ಆವಮ್ಮ ಈ ಬಾಗ್ಲಿಗೆ ಬಂದಿದ್ದೇ ಇಲ್ಲ ಕಣಮ್ಮ. ಅವತ್ತು ಬಂದ್ಲು. ನನ್ನ ಕೂಡೆ ಮಾತಾಡಂಗಿಲ್ವಲ್ಲ, ಎಮ್ಮೆ ಕಡೆ ತಿರುಕ್ಕೊಂಡು ಹೇಳಿದ್ಲು, ನಾಳಿಕೆ ಬಂದು ದಾರಿಯಾಗೆ ನಿಂತ್ಕೋಬೇಕಂತೆ ಅಂತ. ನಾನೂ ಎಮ್ಮೆಗೇ ಹೇಳ್ದೆ, ಬತ್ತೀನಿ ಅಂತ."

ಮಜ್ಜಿಗೆ ಬಂತು. ಅವರು ಲೋಟವನ್ನು ನನ್ನ ಕಡೆ ಸರಿಸಿದರು.

"ಬೆಳಿಗ್ಗೇನೇ ನೀರು ಹಾಕ್ಕೊಂಡು, ಒಗ್ದಿರೋ ಅಂಗಿ ಹಾಕ್ಕೊಂಡು ಹೋದೆ. ನಾನೇ ಮುಳ್ಳು ಸರ್ಸಿದೆ. ನಿಂತೆ. ಅವಳ ಫೋನಿಂದ ನಿಮ್ಮ ದನಿ ಬಂತು. ಅಡ್ಡ ನಿಂತಿರೋರನ್ನ ಆಚೆ ಕಳ್ಸಿ ಅಂದ್ರಿ. ಊರೋರೆಲ್ಲ ಕೇಳಿಸ್ಕೊಂಡ್ರು. ನನ್ನ ಹೊಲದಾಗೆ ನಾನೇ ಅಡ್ಡ ಆಗ್ಬುಟ್ಟೆ."

"ನನಗೆ ಗೊತ್ತಿರಲಿಲ್ಲ," ಎಂದೆ.

"ನಿಮ್ಮ ಮೇಲೆ ಸಿಟ್ಟಿಲ್ಲ. ಅವಳ ಮೇಲೂ ಇಲ್ಲ. ಆದ್ರೆ ಇನ್ನೊಂದ್ಸಲ ಹೋಗಿ ನಿಲ್ಲು ಅಂದ್ರೆ ಕಾಲು ಏಳಲ್ಲ ಕಣಮ್ಮ. ಮಜ್ಜಿಗೆ ಕುಡೀರಿ."

ಕುಡಿದೆ. ಇನ್ನೆರಡು ಸಲ ಕೇಳಿದೆ. ಅವರು ಹಗ್ಗ ಕೈಗೆತ್ತಿಕೊಂಡು ಮಳೆಯ ಮಾತು ತೆಗೆದರು. ಎದ್ದು ಬಂದೆ.

ಅವಳು ಬೇಲಿಯ ಆಚೆ, ಕುರಿಗಳ ನಡುವೆ ಕಾದಿದ್ದಳು. ಏನಂದ್ರು ಎಂದು ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದಿರಬೇಕು. ಆದರೂ ನಾನು ಎಲ್ಲವನ್ನೂ ಹೇಳಿದೆ, ಅವರಾಡಿದಂತೆಯೇ, ಎಮ್ಮೆಯ ಮಾತು, ಮುಳ್ಳು ಸರಿಸಿದ್ದು, ನೀರು ಹಾಕಿಕೊಂಡು ಬಂದದ್ದು. ಕೇಳುತ್ತ ಕೇಳುತ್ತ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಒಗ್ದಿರೋ ಅಂಗಿ ಹಾಕ್ಕೊಂಡಿದ್ರಾ?" ಎಂದಳು.

"ಹಾಗಂದ್ರು."

"ನಾನು ನೋಡ್ಲೇ ಇಲ್ಲ ಅಕ್ಕಾ. ಬಾವನ ಮಕ ನೆಟ್ಟಗೆ ನೋಡಂಗಿಲ್ಲ ನಾವು. ಫೋನ್ ಎತ್ತಿ ಹಿಡ್ದು, ನೆಲ ನೋಡ್ಕೊಂಡು ಒತ್ತಿದ್ದೆ." ಸ್ವಲ್ಪ ತಡೆದು ಕೇಳಿದಳು, "ನೀವು ನೋಡಿದ್ರಲ್ಲಾ. ಯಾವ ಅಂಗಿ ಹಾಕಿದ್ರು? ನಮ್ಮ ಮದುವೇಗೆ ಹೊಲ್ಸಿದ್ ಬಿಳೀದಾ?"

ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದವಳು ಭೂಮಿಯ ಮೇಲೆ ನಾನೊಬ್ಬಳೇ. ಮಣ್ಣು ಕೆಂಪು, ಇಳಿಜಾರು ಕುಂಟೆಯ ಕಡೆಗೆ, ಎಡಕ್ಕೆ ಎರಡು ಜಾಲಿ, ಬಲಕ್ಕೆ ಒಂದು ಬಂದರಿಕೆ ಪೊದೆ, ಇಷ್ಟೂ ನನಗೆ ಇವತ್ತಿಗೂ ನೆನಪಿದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಬಿಳಿಯದೇ ಎಂದು ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಗೊತ್ತಿಲ್ಲ, ನಾನು ನೋಡಲಿಲ್ಲ ಎಂದೆ.

ಅವಳು ತಲೆಯಾಡಿಸಿ, ಕೋಲೆತ್ತಿ, ಕುರಿಗಳನ್ನು ಟಾರು ರಸ್ತೆಯ ಕಡೆಗೆ ತಿರುಗಿಸಿದಳು.